ಏಳೂ ಹತ್ತಕ್ಕೆ ಎರಡು ರಿಂಗ್

ಜೂನ್ 16, ಸೋಮವಾರ. ಬೆಳಿಗ್ಗೆ 7:25

ಬಂತು. 7:22ಕ್ಕೆ. ಮೂರು ರಿಂಗ್, ಕಟ್.

ಐವತ್ತೆಂಟು.

ಹಾಲು ಉಕ್ಕಿ ಒಲೆಯೆಲ್ಲ ಹಾಳು. ಫೋನ್ ನೋಡುತ್ತ ನಿಂತರೆ ಇನ್ನೇನಾಗುತ್ತದೆ. ಒರೆಸಬೇಕು... ಆಮೇಲೆ.

ಶ್ರೀಶೈಲ ಏಳಕ್ಕೆ ಎಂದಿದ್ದ. ನನ್ನ ಗಂಡನ ಏಳು ಎಂದರೆ ಏಳರಿಂದ ಏಳೂವರೆಯೊಳಗೆ, ದೇವರು ಬುದ್ಧಿ ಕೊಟ್ಟಾಗ. ನಿನ್ನೆ 7:04. ಮೊನ್ನೆ 7:31. ಆ ಅರ್ಧ ಗಂಟೆ ನನ್ನನ್ನು ಯಾರೂ ಮಾತಾಡಿಸಬಾರದು. (ಬಾಯಲ್ಲಿ ‘ಅವರು’, ಇಲ್ಲಿ ‘ಅವನು’. ಯಾರು ಓದುತ್ತಾರೆ!)

ಕರಾರು ನನ್ನದೇ. ಏಪ್ರಿಲ್ ಇಪ್ಪತ್ತರಿಂದ ನೂರು ದಿನ. ಹಿಂದಿನ ದಿನ ಕುಡಿದಿಲ್ಲ ಎಂದರೆ ಬೆಳಿಗ್ಗೆ ಒಂದು ಮಿಸ್ ಕಾಲ್. ಎತ್ತುವಂತಿಲ್ಲ, ಮಾತಿಲ್ಲ. ಮಾತಾಡಿದರೆ ಅವನು ನಗಿಸುತ್ತಾನೆ, ನಾನು ಕರಗುತ್ತೇನೆ. ಎಂಟು ವರ್ಷ ಅದೇ ಆಗಿದೆ. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ನೂರಾದ ದಿನ ಅವನು ರಾಮದುರ್ಗದಿಂದ ಇಲ್ಲಿ ಬೈಲಹೊಂಗಲಕ್ಕೆ ಬಂದು ನನ್ನನ್ನು ಕರೆದುಕೊಂಡು ಹೋಗಬೇಕು. ತಪ್ಪದಿದ್ದರೆ ಜುಲೈ 28. ಪಂಚಮಿಯ ಹಿಂದಿನ ದಿನ.

ಹೆಂಗಸರೆಲ್ಲ ಪಂಚಮಿಗೆ ತವರಿಗೆ ಹೋಗುತ್ತಾರೆ. ನಾನು ಗಂಡನ ಮನೆಗೆ ಹೋಗುವವಳು. ನನ್ನದೆಲ್ಲ ಉಲ್ಟಾ.


ಜೂನ್ 17, ಮಂಗಳವಾರ. ಮಧ್ಯಾಹ್ನ, ಆಫೀಸು

7:09. ಒಂದೇ ರಿಂಗ್. ಐವತ್ತೊಂಬತ್ತು.

ಬೆಳಿಗ್ಗೆ ಕರೆಂಟ್ ಹೋಗಿ ಬಂತು. ಸರ್ವರ್ ಮತ್ತೆ ಎದ್ದಿತು. ಎದ್ದದ್ದೇ ಹದಿನಾಲ್ಕು ಊರಿಗೆ ಮೆಸೇಜ್ — ಮಲಪ್ರಭೆಯ ನೀರಿನ ಮಟ್ಟ ಸೊನ್ನೆ.

ಉಮಾಶ್ರೀ ಮೇಡಂ ಬಂದು ನನ್ನ ಟೇಬಲ್ ಮುಂದೆ ಕೈಕಟ್ಟಿ ನಿಂತರು. ಆಫೀಸು ಅವರದು, ಸಿಟ್ಟೂ ಅವರದೇ. ಆದರೆ ನಗುತ್ತಿದ್ದರು.

‘ಮಂಜುಳಾ, ಹೊಳಿ ಒಣಗೇತಂತಲ್ಲ? ಸಂಗೊಳ್ಳಿ ಲಗಮಪ್ಪ ಫೋನ್ ಮಾಡಿದ್ದ. ನಾ ಹೊಳ್ಯಾಗ ಮೊಳಕಾಲತನಕ ನಿಂತೇನ್ರಿ, ನಿಮ್ಮ ಕಂಪ್ಯೂಟರ್‌ಗೆ ಕಾಣವಲ್ದೇನು ಅಂತಾನ.’

ನಮ್ಮದು ಸಣ್ಣ ಕೆಲಸ. ಹೊಳೆಯ ದಂಡೆಯಲ್ಲಿ ಅಲ್ಲಲ್ಲಿ ನೀರಿನ ಮಟ್ಟ ಅಳೆಯುವ ಪೆಟ್ಟಿಗೆಗಳಿವೆ. ಅಂಕಿ ಇಲ್ಲಿಗೆ ಬರುತ್ತದೆ. ನೀರು ಏರಿದರೆ ರೈತರಿಗೆ ಮೆಸೇಜ್ ಹೋಗುತ್ತದೆ, ದಂಡೆಯ ಮೋಟಾರು ಮೇಲೆತ್ತಿಕೊಳ್ಳಲು. ಇದಕ್ಕೆ ಸರ್ವರ್‌ನಲ್ಲಿ ಎರಡು ಪ್ರೋಗ್ರಾಂ, ಪರದೆಯ ಮೇಲೆ ಮುಖ ತೋರಿಸದೆ ಹಿಂದೆ ಕೂತು ದುಡಿಯುವಂಥವು. ಒಂದು ಓದುವ ಸರ್ವಿಸ್, ಒಂದು ಕಳಿಸುವ ಸರ್ವಿಸ್. ಎರಡರ ಮೇಲೂ ಒಂದು ಸರ್ವಿಸ್ ಮ್ಯಾನೇಜರ್. ಅದೂ ಪ್ರೋಗ್ರಾಮೇ. ಆದರೆ ಅದಕ್ಕೆ ಸರ್ವಿಸ್‌ಗಳ ಒಳಗಿನದೇನೂ ಕಾಣುವುದಿಲ್ಲ. ಓದುವುದು ‘ರೆಡಿ’ ಎಂದು ಒಂದು ಸಾಲು ಹೇಳಿ ಕಳಿಸಿದರೆ ಸರಿ, ನಂಬಿ ಕಳಿಸುವುದನ್ನು ಎಬ್ಬಿಸುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜಾತಿ.

ನೋಡಿದೆ. ಓದುವ ಸರ್ವಿಸ್ ಕಣ್ಣು ಬಿಟ್ಟ ಕೂಡಲೇ, ಒಂದು ಪೆಟ್ಟಿಗೆಯನ್ನೂ ಮಾತಾಡಿಸದೆ, ಮೊದಲ ಸಾಲಿನಲ್ಲೇ ‘ರೆಡಿ’ ಎಂದಿದೆ. ಬರೆದವಳು ನಾನೇ.

ನಮ್ಮ ಜನವೇ ಹೀಗೆ. ಯಾರಾದರೂ ಕರೆದರೆ ‘ಬಂದ್ನಿ!’ ಬಂದಿರುವುದಿಲ್ಲ. ಬರಲು ಎದ್ದೂ ಇರುವುದಿಲ್ಲ. ಕಾಲು ಇನ್ನೂ ಚಪ್ಪಲಿ ಹುಡುಕುತ್ತಿರುತ್ತದೆ, ಬಾಯಿ ಮಾತ್ರ ಹೋಗಿ ಮುಟ್ಟಿಯಾಗಿರುತ್ತದೆ. ನಾನೂ ಇದೇ ಮಣ್ಣಿನವಳು, ಪ್ರೋಗ್ರಾಮಿಗೂ ಅದನ್ನೇ ಕಲಿಸಿದ್ದೇನೆ.

ಶ್ರೀಶೈಲನಂತೂ ಇದರಲ್ಲಿ ಪಂಡಿತ. ಊಟಕ್ಕೆ ಬಡಿಸಿಕೊಂಡು ಕೂತು ಫೋನ್ ಮಾಡಿದರೆ ‘ಬಂದ್ನಿ, ಇಲ್ಲೇ ಮೂಲಿಮ್ಯಾಲ ಅದೇನಿ.’ ಮೂಲೆಯಲ್ಲಿ ಯಾವ ಅಂಗಡಿಯಿತ್ತೆಂದು ರಾಮದುರ್ಗಕ್ಕೆಲ್ಲ ಗೊತ್ತಿತ್ತು.

‘ರೆಡಿ’ ಸಾಲನ್ನು ಕಿತ್ತು ಕೆಳಗಿಟ್ಟೆ. ಎಂಟೂ ಪೆಟ್ಟಿಗೆಯನ್ನು ಒಂದು ಸಲ ವಿಚಾರಿಸಿ, ಅಂಕಿ ಕೈಗೆ ಬಂದ ಮೇಲೆ ಹೇಳು. ಅಲ್ಲಿಯವರೆಗೆ ಬಾಯಿ ಮುಚ್ಚು. ಪ್ರೋಗ್ರಾಂ ಒಂದೇ ಮಾತಿಗೆ ಕೇಳಿತು. ಗಂಡನಿಗೂ ಹೀಗೆ ಸಾಲು ಕಿತ್ತು ಕೆಳಗಿಡಲು ಬಂದಿದ್ದರೆ...


ಜೂನ್ 20, ಶುಕ್ರವಾರ. ಬೆಳಿಗ್ಗೆ 7:55

ಏಳೂವರೆಗೂ ಇಲ್ಲ. ಏಳೂ ನಲವತ್ತಕ್ಕೂ ಇಲ್ಲ. ಮತ್ತೆ ಒಂದರಿಂದ ಎಂದುಕೊಂಡೆ. ಬಸ್ ಹತ್ತಿ ಹೋಗಿ ಕೊರಳಪಟ್ಟಿ ಹಿಡಿದು ಕೇಳೋಣ ಎಂದು ಬೀಗವನ್ನೂ ಕೈಗೆ ತೆಗೆದುಕೊಂಡಿದ್ದೆ.

7:49. ಎರಡು ರಿಂಗ್. ಕಟ್.

ಬೀಗ ಹಿಡಿದು ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತೆ. ಅರವತ್ತೆರಡು.


ಜೂನ್ 25, ಬುಧವಾರ

7:10. ಎರಡು ರಿಂಗ್.

ಐದು ದಿನದಿಂದ ಕರಾರುವಾಕ್ಕು. ಏಳೂ ಹತ್ತು, ಎರಡು ರಿಂಗ್, ಕಟ್. ಅಂದು ತಡವಾದದ್ದಕ್ಕೆ ನಾಚಿಕೆಪಟ್ಟು ಅಲಾರಂ ಇಟ್ಟಿರಬೇಕು. ಸುಧಾರಿಸಿದನಪ್ಪ. ಹಾಲು ಉಕ್ಕುವುದೂ ನಿಂತಿದೆ.


ಜುಲೈ 2, ಬುಧವಾರ. ಸಂಜೆ

ಎಪ್ಪತ್ನಾಲ್ಕು.

ಓದುವ ಸರ್ವಿಸ್‌ಗೆ ಇಂದು ‘ಸ್ಟೇಟಸ್’ ಹೇಳುವುದನ್ನು ಕಲಿಸಿದೆ. ರೆಡಿ ಎನ್ನುವುದಲ್ಲದೆ, ಮ್ಯಾನೇಜರ್‌ಗೆ ಇನ್ನೊಂದು ಸಾಲು ಹೇಳಿ ಕಳಿಸಬಹುದು. ಏನು ಬೇಕಾದರೂ. ಮ್ಯಾನೇಜರ್ ಅದನ್ನು ಓದಿ ಏನೂ ಮಾಡುವುದಿಲ್ಲ. ಕೇಳಿದವರಿಗೆ ತೋರಿಸುತ್ತದೆ, ಅಷ್ಟೆ. ನಾನು ಕನ್ನಡದಲ್ಲೇ ಬರೆದೆ: ‘ಏಳು ಪೆಟ್ಟಿಗೆ ಮಾತಾಡಿದವು. ಎಂಟನೆಯದು ಇನ್ನೂ ಇಲ್ಲ.’

ಮೇಡಂ ಪರದೆಗೆ ಬಗ್ಗಿ ಓದಿದರು. ‘ನಿಮ್ಮನಿ ವರದಿ ಓದಿದಂಗ ಆಕ್ಕೈತಲ್ಲ’ ಎಂದರು. ಅವರು ತಮಾಷೆಗೆ ಎಂದದ್ದು.

ಅವನಿಗೂ ಒಂದು ಸಾಲು ಬಿಟ್ಟುಕೊಡಬೇಕಿತ್ತು. ಎರಡು ರಿಂಗಿನಲ್ಲಿ ಏನು ತಿಳಿಯುತ್ತದೆ? ಬದುಕಿದ್ದಾನೆ, ಕುಡಿದಿಲ್ಲ. ಸರಿ. ಉಂಡನೇ? ಮೊಣಕೈ ನೋವು ಹೇಗಿದೆ? ಅಂಗಡಿಗೆ ಯಾವ ಮೋಟಾರು ಬಂತು? ಸುಟ್ಟ ಮೋಟಾರಿನ ತಾಮ್ರದ ತಂತಿ ಬಿಚ್ಚಿ ಹೊಸತು ಸುತ್ತುವವನು ನನ್ನ ಗಂಡ. ಕೈ ನಡುಗದ ದಿನ ಅವನು ಸುತ್ತುವುದನ್ನು ನೋಡಬೇಕು... ಒಂದು ಸುತ್ತು ಇನ್ನೊಂದರ ಮೇಲೆ ಹತ್ತುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಂಗಡಿಗೆ ಊಟ ಒಯ್ದು, ಅದನ್ನೇ ನೋಡುತ್ತ ಕೂತು, ಅವನಿಗೆ ಬಡಿಸುವುದು ಮರೆತು ಬಂದಿದ್ದೆ.

ಅವನ ಅಂಗಿಯ ವಾರ್ನಿಶ್ ವಾಸನೆ ಬೇಕು ನನಗೆ. ಬರೆದೇಬಿಟ್ಟೆ. ಬೇಕು.


ಜುಲೈ 8, ಮಂಗಳವಾರ. ಬೆಳಿಗ್ಗೆ 11

ಎಂಬತ್ತು. ಇನ್ನು ಇಪ್ಪತ್ತೇ ಎಂದು ಕುಣಿಯುತ್ತ ಆಫೀಸಿಗೆ ಬಂದೆ. ಫೋನ್ ಬಡಿದುಕೊಳ್ಳುತ್ತಿತ್ತು. ಲಗಮಪ್ಪ. ಇಂದು ನಗುತ್ತಿರಲಿಲ್ಲ.

‘ಬಾಯಾರ, ನಿನ್ನಿ ಮಳಿಗೆ ಹೊಳಿ ಏರೇತಿ. ಮುಂಜಾನೆ ಹೋಗಿ ನೋಡಿದ್ರ ನನ್ನ ಮೋಟಾರ್ ನೀರಾಗೈತಿ. ನಿಮ್ಮ ಮೆಸೇಜ್ ಎಲ್ಲೈತ್ರಿ?’

‘ನೋಡತೇನ್ರಿ ಕಾಕಾ. ಯಾಕ ಬಂದಿಲ್ಲಂತ ಈಗ ನೋಡತೇನಿ.’

‘ಅಲ್ರಿ, ಮೊದಲೆಲ್ಲ ಮಳಿ ಬಂದ್ರ ನಾವ ಎದ್ದ ಹೋಗಿ ನೋಡತಿದ್ವಿ. ಈಗ ಮೆಸೇಜ್ ಬಂದಿಲ್ಲ ಅಂದ್ರ ನೀರ ಬಂದಿಲ್ಲ ಅಂತ ನಂಬಿ ಮಲಗಿದ್ನಿ. ಅದ ತಪ್ಪಾತ ನೋಡ್ರಿ.’

ಬೈದಿದ್ದರೆ ಚೆನ್ನಾಗಿತ್ತು.

ಸರ್ವಿಸ್ ಮ್ಯಾನೇಜರನ್ನು ಕೇಳಿದೆ. ಓದುವ ಸರ್ವಿಸ್ — ಹಸಿರು ಚುಕ್ಕೆ. ಆರೋಗ್ಯವಾಗಿದೆ. ಅರ್ಧ ನಿಮಿಷದ ಹಿಂದೆ ಕೂಡ ‘ಇದ್ದೇನೆ’ ಎಂದಿದೆ. ಆದರೆ ಅದು ಕೊನೆಯ ಅಂಕಿ ಓದಿದ್ದು ನಿನ್ನೆ ಸಂಜೆ.


ಜುಲೈ 9, ಬುಧವಾರ. ಸಂಜೆ

ಸಿಕ್ಕಿತು. ಸಿಕ್ಕಿದ್ದಕ್ಕೆ ಸಂತೋಷವಿಲ್ಲ.

ವಾಚ್‌ಡಾಗ್ ಎನ್ನುತ್ತಾರೆ ಇದನ್ನು. ಸರ್ವಿಸ್ ಅರ್ಧ ನಿಮಿಷಕ್ಕೊಮ್ಮೆ ಮ್ಯಾನೇಜರ್‌ಗೆ ‘ಇದ್ದೇನೆ’ ಎಂದು ಹೇಳುತ್ತಿರಬೇಕು. ಹೇಳದಿದ್ದರೆ ಸಿಕ್ಕಿಕೊಂಡಿದೆ ಎಂದು ತಿಳಿದು ಮ್ಯಾನೇಜರ್ ಅದನ್ನು ಕೊಂದು ಹೊಸದಾಗಿ ಎಬ್ಬಿಸುತ್ತದೆ. ನಮ್ಮ ಪೆಟ್ಟಿಗೆಗಳು ಕೆಲವೊಮ್ಮೆ ನಿಧಾನ. ಪಾಪ, ಓದುವ ಸರ್ವಿಸ್ ಉತ್ತರಕ್ಕೆ ಕಾಯುತ್ತಿರುವಾಗಲೇ ಮ್ಯಾನೇಜರ್ ಕೊಲ್ಲುತ್ತಿತ್ತು. ಅದಕ್ಕೆ ಫೆಬ್ರವರಿಯಲ್ಲಿ ನಾನೊಂದು ಉಪಾಯ ಮಾಡಿದ್ದೆ. ‘ಇದ್ದೇನೆ’ ಎನ್ನುವ ಕೆಲಸವನ್ನು ಓದುವ ಕೈಯಿಂದ ಬಿಡಿಸಿ, ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರಕ್ಕೆ ಒಪ್ಪಿಸಿದೆ. ಓದಲಿ ಬಿಡಲಿ, ಅದು ಅರ್ಧ ನಿಮಿಷಕ್ಕೊಮ್ಮೆ ‘ಇದ್ದೇನೆ’ ಎನ್ನುತ್ತದೆ.

ಮೊನ್ನೆ ಓದುವ ಕೈ ಒಂದು ಪೆಟ್ಟಿಗೆಯ ಮುಂದೆ ಸಿಕ್ಕಿಕೊಂಡು ನಿಂತೇಬಿಟ್ಟಿತು. ಗಡಿಯಾರ ಮಾತ್ರ ಬೆಳಗಿನವರೆಗೆ ‘ಇದ್ದೇನೆ, ಇದ್ದೇನೆ.’ ಮ್ಯಾನೇಜರ್ ನಂಬಿತು. ಲಗಮಪ್ಪ ನಂಬಿದ.

‘ಯಾಕ ಹಂಗ ಬರದಿದ್ದಿ?’ ಮೇಡಂ ಕೇಳಿದರು.

‘ಸುಮ್ಮಸುಮ್ಮನ ಕೊಲ್ಲತಿತ್ತರಿ. ಕರುಣಾ ಬಂತು.’

‘ನಿನ್ನ ಕರುಣಾ ಲಗಮಪ್ಪನ ಮೋಟಾರ್ ಮುಳುಗಿಸ್ತು.’

ಗಡಿಯಾರ ಕಿತ್ತು ಹಾಕಿದೆ. ಇನ್ನು ಮೇಲೆ ಅಂಕಿ ಓದಿ, ಬರೆದಿಟ್ಟ ಮೇಲೆ, ಅದೇ ಕೈ ‘ಇದ್ದೇನೆ’ ಎನ್ನಬೇಕು. ಬೇರೆಯವರು ಹೇಳುವಂತಿಲ್ಲ. ಪೆಟ್ಟಿಗೆ ನಿಧಾನವಿದ್ದರೆ ಮ್ಯಾನೇಜರ್ ಎರಡು ನಿಮಿಷ ಕಾಯಲಿ, ಹಾಗೆಂದು ಅದಕ್ಕೆ ಹೇಳಿಟ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಇರಲಿ, ಹಾಕಿದೆ.


ಜುಲೈ 10, ಗುರುವಾರ. ಬೆಳಿಗ್ಗೆ 7:40

7:10. ಎರಡು ರಿಂಗ್. ಎಂಬತ್ತೆರಡು.

ಚಹಾ ಆರಿತು. ಕುಡಿಯಲಾಗಲಿಲ್ಲ.

ಫೋನಿನಲ್ಲಿ ಹಿಂದಿನದೆಲ್ಲ ತೆಗೆದು ನೋಡಿದೆ. ಜೂನ್ ಇಪ್ಪತ್ತರವರೆಗೆ — 7:31, 7:04, 7:22, 7:09, 7:26... ಒಂದರ ಹಾಗೆ ಇನ್ನೊಂದಿಲ್ಲ. ಆಮೇಲೆ ಇಪ್ಪತ್ತು ದಿನ — 7:10, 7:10, 7:10, 7:10.

ನನ್ನ ಗಂಡ ಏನನ್ನೂ ಇಪ್ಪತ್ತು ದಿನ ಒಂದೇ ಹೊತ್ತಿಗೆ ಮಾಡಿದವನಲ್ಲ. ತಾಳಿ ಕಟ್ಟುವುದಕ್ಕೇ ಮುಕ್ಕಾಲು ಗಂಟೆ ತಡ. ಭಟ್ಟರು ಅಕ್ಷತೆ ಹಿಡಿದು ಬೆವರುತ್ತಿದ್ದರು, ಇವನು ‘ಬಂದ್ನಿ’ ಎನ್ನುತ್ತಿದ್ದ.

ಇದು ಮನುಷ್ಯ ಅಲ್ಲ. ಗಡಿಯಾರ.

ಇಲ್ಲ, ನನಗೆ ಆಫೀಸಿನ ಹುಚ್ಚು ಹಿಡಿದಿದೆ. ಎಲ್ಲದರಲ್ಲೂ ಅದೇ ಕಾಣುತ್ತಿದೆ.


ಜುಲೈ 11, ಶುಕ್ರವಾರ. ಬೆಳಿಗ್ಗೆ 7:15

ಮೊದಲ ರಿಂಗಿಗೇ ಎತ್ತಿದೆ. ಕರಾರು ನಾನೇ ಮುರಿದೆ.

ಮಾತಿಲ್ಲ. ಹಿಂದೆ ರೇಡಿಯೋ. ಆಮೇಲೆ ಬಳೆ ಸದ್ದು. ಗಾಜಿನ ಬಳೆ.

‘ಅತ್ತಿ?’

ರೇಡಿಯೋ ಸದ್ದು ತಗ್ಗಿತು.

‘ಎತ್ತಬಾರದಿತ್ತ ಯವ್ವಾ...’ ರಾಚವ್ವನ ದನಿ. ‘ನೀ ಎತ್ತಬಾರದಿತ್ತ.’

ಕಟ್.


ಜುಲೈ 13, ಭಾನುವಾರ. ಸವದತ್ತಿಯಿಂದ ಬಂದು, ಸಂಜೆ

ನಿನ್ನೆ ಅತ್ತೆಯೇ ಫೋನ್ ಮಾಡಿ ಕರೆದಳು, ಅರ್ಧ ದಾರಿಗೆ. ಮಾವನಿಗೆ ದೇವಿಯ ಗುಡ್ಡಕ್ಕೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದಳು. ಸವದತ್ತಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚು. ಸುತ್ತ ಭಂಡಾರದ ಅರಿಶಿನ ಬಳಿದುಕೊಂಡ ಯಾತ್ರಿಕರು. ಅತ್ತೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದಳು. ಜಗಳಕ್ಕೆ ಬಂದವಳ ಕೈಯಲ್ಲಿ ರೊಟ್ಟಿ ಕೊಟ್ಟರೆ ಏನು ಮಾಡುವುದು.

‘ಯಾವತ್ತಿನಿಂದ?’ ಎಂದೆ.

‘ಅವತ್ತ ಶುಕ್ರಾರ. ಎಂಟಾಗಾಕ ಬಂದ್ರೂ ಏಳವಲ್ಲ. ಬಾಯಿ ವಾಸನಿ... ನಿನ್ನಾಣಿ ಮಾಡಿ ಎಬ್ಬಸಿದ್ನಿ. ಈ ರಿಂಗ್ ತಪ್ಪಿದ್ರ ಮಂಜು ಬರೂದಿಲ್ಲವ್ವ ಅಂತ ಅಂವನ ಮೊದಲ ಒಮ್ಮೆ ಹೇಳಿದ್ದ. ನಾನ ಅಂವನ ಫೋನ್ ತಗೊಂಡ್ನಿ. ನನಗೇನ ಓದಾಕ ಬರತೈತಿ? ನಿನ್ನ ಫೋಟೋ ಐತಲ್ಲ, ಅದರ ಮ್ಯಾಲ ಒತ್ತಿದ್ನಿ.’

‘ಆಮ್ಯಾಲ ದಿನಾ?’

‘ರೇಡಿಯೋದಾಗ ವಾರ್ತಾ ಮುಗದ ಕೂಡ್ಲೆ. ಮರೀಬಾರದಲ್ಲ.’

‘ಅವರಿಗೆ ಗೊತ್ತೈತಿ?’

‘ಗೊತ್ತೈತಿ. ನೋಡ್ಯಾನ. ಸುಮ್ಮನದಾನ.’

ಆಗ ಸಿಟ್ಟು ಬಂತು. ಬಸ್ ಸ್ಟ್ಯಾಂಡೆಂದೂ ನೋಡದೆ ಕೂಗಿದೆ. ‘ಅತ್ತಿ, ಕುಡದ ದಿನಾನೂ ರಿಂಗು, ಕುಡೀದ ದಿನಾನೂ ರಿಂಗು. ಹಂಗಾದ್ರ ಅವರು ಯಾಕ ಬಿಡಬೇಕು? ಮೊದಲನೇ ದಿನ ಒಂದರಿಂದ ಶುರು ಮಾಡಿದ್ರ ಇವತ್ತಿಗೆ ಇಪ್ಪತ್ತರ ಆಗತಿತ್ತು!’

ಅವಳು ರೊಟ್ಟಿಯ ಬಟ್ಟೆ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

‘ಖರೇ ಹೇಳ್ಲೇನು? ಪೂರಾ ಅಂವನ ಸಲವಾಗಿ ಅಲ್ಲ. ರಿಂಗ್ ಆಗೂತನಕ ನಿನ್ನ ಫೋಟೋ ಬರತೈತಿ. ಕಟ್ ಮಾಡಿದ್ರ ಹೋಗತೈತಿ. ಎರಡ ರಿಂಗಿನತನಕ ನೋಡತೇನಿ. ಮೂರಕ್ಕ ನೀ ಎತ್ತಿಬಿಟ್ರ ಅಂತ ಅಂಜಿಕಿ.’

ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆವು. ಒಂದು ದಿನ ನನ್ನ ಮುಖ ನೋಡಿ ಹೀಗೆ ಹೇಳಿದವಳಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾನೂ ಫೆಬ್ರವರಿಯಲ್ಲಿ ಕರುಣೆಯಿಂದ ಗಡಿಯಾರ ಕಟ್ಟಿದವಳೇ ಅಲ್ಲವೇ.

‘ಇನ್ನ ನೀವು ಮಾಡಬ್ಯಾಡ್ರಿ ಅತ್ತಿ. ಬಂದ್ರ ಅವರ ಕೈಯಿಂದ ಬರ್ಲಿ. ಇಲ್ಲಂದ್ರ ಬರೂದ ಬ್ಯಾಡ. ಬಿದ್ರೂ ಬಿದ್ನಿ ಅಂತ ಅವರ ಹೇಳ್ಲಿ. ಹೇಳಿದ್ರ ಎಬ್ಬಸಬಹುದು.’

‘ಹೇಳದ ಇದ್ರ?’

ಕೈಯಲ್ಲಿದ್ದ ರೊಟ್ಟಿ ಮುರಿದು ಅರ್ಧ ಅವಳಿಗೆ ಕೊಟ್ಟೆ.

ರಾಮದುರ್ಗದ ಬಸ್ ಬಂತು. ‘ಬರತೇನಿ ಯವ್ವಾ’ ಎಂದು ಹತ್ತಿ ಹೋದಳು. ಸರ್ವಿಸ್‌ಗಳು ನಿಲ್ಲುವ ಮೊದಲು ಮ್ಯಾನೇಜರ್‌ಗೆ ‘ನಿಲ್ಲುತ್ತಿದ್ದೇನೆ’ ಎಂದು ಹೇಳಬೇಕು, ಅದು ನಿಯಮ. ನಮ್ಮಲ್ಲಿ ಹೊರಡುವವರು ಯಾರೂ ಹಾಗೆ ಹೇಳುವುದಿಲ್ಲ. ಹೋಗುವಾಗಲೂ ‘ಬರತೇನಿ’ ಎನ್ನುತ್ತಾರೆ. ಬಂದಿಲ್ಲದಿದ್ದರೂ ‘ಬಂದ್ನಿ’ ಎನ್ನುತ್ತಾರೆ. ಈ ಜನದ ಮೇಲೆ ಯಾವ ಮ್ಯಾನೇಜರ್ ಇಟ್ಟರೂ ತಲೆ ಕೆಡುತ್ತದೆ.


ಜುಲೈ 14, ಸೋಮವಾರ

ಇಲ್ಲ.


ಜುಲೈ 15

ಇಲ್ಲ.


ಜುಲೈ 17, ಗುರುವಾರ. ಬೆಳಿಗ್ಗೆ 8

ಇಲ್ಲ.

ಆ ಎರಡು ರಿಂಗ್ ಬೇಕೆನಿಸುತ್ತಿದೆ. ಸುಳ್ಳೇ ಇರಲಿ. ಏಳೂ ಹತ್ತಕ್ಕೆ ಫೋನ್ ಬೆಳಗುತ್ತಿತ್ತಲ್ಲ. ನಾನೇ ಬಾಯಾರೆ ಬೇಡ ಎಂದೆ. ಮೋಟಾರು ಮುಳುಗಿದರೂ ಹಸಿರು ಚುಕ್ಕೆ ನೋಡುತ್ತ ಕೂರುವುದು ಸುಖ, ಈಗ ಗೊತ್ತಾಗುತ್ತಿದೆ.

ನಾನು ಫೋನ್ ಮಾಡಬಹುದು. ಮಾಡುವುದಿಲ್ಲ. ಮ್ಯಾನೇಜರ್ ಹೋಗಿ ಕೇಳುವುದಿಲ್ಲ, ಕಾಯುತ್ತದೆ. ಆದರೆ ಅದಕ್ಕೆ ಎರಡು ನಿಮಿಷದ ಗಡುವಿದೆ. ನನ್ನ ಗಡುವು ಎಷ್ಟೆಂದು ನಾನು ಬರೆದಿಟ್ಟಿಲ್ಲ.


ಜುಲೈ 19, ಶನಿವಾರ. ಬೆಳಿಗ್ಗೆ 7:40

ರಿಂಗ್ ಅಲ್ಲ. ಮೆಸೇಜ್. ಹಾಗೇ ಇಳಿಸಿಕೊಳ್ಳುತ್ತೇನೆ.

‘ಮೊನ್ನಿ ಕುಡದ್ನಿ. ನಿನ್ನಿ ಇಲ್ಲ. ಇದು ನಾನ ಬರದದ್ದು, ಅವ್ವ ಅಲ್ಲ.’

ಎಷ್ಟು ಸಲ ಓದಿದೆನೋ. ‘ಮೊನ್ನಿ ಕುಡದ್ನಿ’ ಎಂಬುದನ್ನೇ ಹೆಚ್ಚು ಸಲ ಓದಿದೆ. ಎಂಟು ವರ್ಷದಲ್ಲಿ ಹಿಡಿದುಬಿದ್ದಾಗಲೂ ‘ಇಲ್ಲ, ವಾಸ್ನಿ ನೋಡಬೇಕಿದ್ರ’ ಎನ್ನುತ್ತಿದ್ದವನು. ಇಂದು ಯಾರೂ ಕೇಳದೆ, ಯಾರೂ ಹಿಡಿಯದೆ, ತಾನೇ ಬರೆದಿದ್ದಾನೆ.

ಎಂಬತ್ತೆರಡು ಹೋಯಿತು.

ಒಂದು.


ಜುಲೈ 22, ಮಂಗಳವಾರ. ಆಫೀಸು

‘ಕೈ ನಡಗತಾವು. ತಂತಿ ಹಿಡಿಯಾಕ ಆಗವಲ್ದು. ನಿನ್ನಿ ಇಲ್ಲ.’ — ನಾಲ್ಕು.

ಇಲ್ಲಿ ಮತ್ತೆ ಜೋರು ಮಳೆ. ಬೆಳಿಗ್ಗೆ ಓದುವ ಸರ್ವಿಸ್ ಎರಡು ಸಲ ಸಿಕ್ಕಿಕೊಂಡಿತು. ‘ಇದ್ದೇನೆ’ ಎನ್ನಲಿಲ್ಲ. ಮ್ಯಾನೇಜರ್ ಎರಡೂ ಸಲ ಗಡುವು ನೋಡಿ ಕೊಂದು ಎಬ್ಬಿಸಿತು. ಪರದೆಯ ಮೇಲೆ ಕೆಂಪು ಚುಕ್ಕೆ, ಆಮೇಲೆ ಹಸಿರು. ಹಸಿರಿಗಿಂತ ಆ ಕೆಂಪು ನೋಡಿ ಜೀವ ತಣ್ಣಗಾಯಿತು. ಮಧ್ಯಾಹ್ನ ಲಗಮಪ್ಪನ ಫೋನ್.

‘ಬಾಯಾರ, ಈ ಸಲ ಹೊಳಿಕ್ಕಿಂತ ಮೊದಲ ಮೆಸೇಜ್ ಬಂತ್ರಿ. ಮೋಟಾರ್ ಮ್ಯಾಲೈತಿ.’

‘ಮಲಗಿದ್ರೇನ್ರಿ ಕಾಕಾ?’

‘ಇಲ್ರಿ. ದಂಡಿಮ್ಯಾಲ ಕುಂತಿದ್ನಿ. ಒಮ್ಮೆ ಮುಳಗಿದ ಮ್ಯಾಲ ನಿದ್ದಿ ಎಲ್ಲಿಂದ ಬರಬೇಕು.’

ಹೌದು ಕಾಕಾ. ಎಲ್ಲಿಂದ ಬರಬೇಕು.


ಜುಲೈ 25, ಶುಕ್ರವಾರ

‘ಮೂಲಿತನಕ ಹೋಗಿದ್ನಿ. ಹೊಳ್ಳಿ ಬಂದ್ನಿ. ನಿನ್ನಿ ಇಲ್ಲ.’ — ಏಳು.

ಇದು ನಿಜವಾದ ‘ಬಂದ್ನಿ’. ಓದಿ ಕಣ್ಣು ತುಂಬಿತು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ನಿಂತು ಓದಿದ್ದೆ, ಯಾರೋ ಹೆಂಗಸು ‘ಏನಾತ್ರಿ, ಮನ್ಯಾಗ ಆರಾಮದಾರಲ್ಲ?’ ಎಂದು ಕೇಳಿದಳು. ಆರಾಮದಾರರಿ ಎಂದೆ.

ಉತ್ತರ ಬರೆಯಬೇಕೆಂದು ಬೆರಳು ತುರಿಸುತ್ತದೆ. ಬರೆಯುತ್ತಿಲ್ಲ. ಮಾತಿಲ್ಲ ಎಂಬ ಕರಾರು ನಾನು ಈಗಾಗಲೇ ಒಮ್ಮೆ ಮುರಿದವಳು.


ಜುಲೈ 28, ಸೋಮವಾರ. ಸಂಜೆ

ಇಂದು ನೂರಾಗಬೇಕಿತ್ತು. ಹತ್ತು.

‘ಒಂದ ಮೋಟಾರ್ ಪೂರಾ ಸುತ್ತಿದ್ನಿ. ಸುತ್ತು ನೀಟ ಬಂದಿಲ್ಲ. ನಿನ್ನಿ ಇಲ್ಲ.’

ಅಣ್ಣ ಕಿತ್ತೂರಿನಿಂದ ಫೋನ್ ಮಾಡಿದ. ‘ನಾಳೆ ಪಂಚಮಿ, ಬಾ. ಜೋಕಾಲಿ ಕಟ್ಟೇನಿ, ನಿಮ್ಮ ವೈನಿ ಉಂಡಿ ಕಟ್ಯಾಳ.’ ಒಬ್ಬಳೇ ಕೋಣೆಯಲ್ಲಿ ಕೂತಿರುವ ತಂಗಿಯ ಮೇಲೆ ಅವನಿಗೆ ಮಮತೆ. ಬರುತ್ತೇನೆ ಎಂದೆ. ಏಳೂವರೆ ಆದ ಮೇಲೆ, ಮೆಸೇಜ್ ನೋಡಿಕೊಂಡು ಹೊರಡುತ್ತೇನೆ.

ಹೊಸ ಸೀರೆ ಪೆಟ್ಟಿಗೆಯ ತಳದಲ್ಲಿದೆ. ಇಂದಿಗೆಂದೇ ಏಪ್ರಿಲ್‌ನಲ್ಲಿ ತಂದದ್ದು. ತೆಗೆದು ನೋಡಿ ಮತ್ತೆ ಮಡಿಸಿಟ್ಟೆ.


ಜುಲೈ 29, ಮಂಗಳವಾರ. ಪಂಚಮಿ. ಬೆಳಿಗ್ಗೆ 9:10

ಕಿತ್ತೂರಿಗೆ ಹೋಗಿಲ್ಲ.

ಏಳೂ ಹತ್ತು, ಏಳೂವರೆ, ಎಂಟು. ರಿಂಗ್ ಇಲ್ಲ, ಮೆಸೇಜ್ ಇಲ್ಲ. ಹನ್ನೊಂದು ಆಗಲಿಲ್ಲ ಎಂದುಕೊಂಡೆ. ಹಬ್ಬದ ಹಿಂದಿನ ರಾತ್ರಿ, ಗೆಳೆಯರು ಸಿಕ್ಕಿರುತ್ತಾರೆ... ಎಲ್ಲ ನಾನೇ ಕಲ್ಪಿಸಿಕೊಂಡು, ನಾನೇ ಬೈದು, ನಾನೇ ಅತ್ತು ಮುಗಿಸಿದೆ.

8:35ಕ್ಕೆ ರಿಂಗ್. ಒಂದು. ಎರಡು. ಕಟ್ ಆಗುತ್ತದೆ ಎಂದು ನೋಡುತ್ತ ನಿಂತೆ. ಮೂರು. ನಾಲ್ಕು. ಕಟ್ ಆಗಲಿಲ್ಲ. ಐದು, ಆರು. ಎತ್ತಲಿ ಎಂದೇ ಮಾಡಿದ ಫೋನ್. ಕೈ ಒದ್ದೆಯಾಗಿತ್ತು, ಸೆರಗಿಗೆ ಒರೆಸಿಕೊಂಡು ಎತ್ತಿದೆ.

‘ಎಲ್ಲದೀರಿ?’

ಇಷ್ಟೇ ಕೇಳಿದೆ. ನೂರು ದಿನ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತು.

‘ಬರಾಕತ್ತೇನಿ’ ಎಂದ. ‘ಇನ್ನೂ ಬಂದಿಲ್ಲ.’

ಇನ್ನೂ ಬಂದಿಲ್ಲ. ಶ್ರೀಶೈಲನ ಬಾಯಿಂದ.

‘ಸವದತ್ತಿ ಸ್ಟ್ಯಾಂಡಿನ್ಯಾಗ ಅದೇನಿ. ಬೈಲಹೊಂಗಲ ಬಸ್ ಬಂದಿಲ್ಲ. ನಿನ್ನಿ ಇಲ್ಲ... ಹನ್ನೊಂದ ಆತು. ಕರಕೊಂಡ ಹೋಗಾಕ ಅಲ್ಲ ಮಂಜು, ಅದು ನೂರಕ್ಕ. ನಾ ಇನ್ನೂ ತಯಾರಿಲ್ಲ. ಅವ್ವ ಉಂಡಿ ಕಟ್ಟಿ ಕೊಟ್ಟಾಳ. ಕೊಟ್ಟ ಹೋಗತೇನಿ.’

‘ಹೋಗತೇನಿ ಅನಬ್ಯಾಡ್ರಿ’ ಎಂದೆ. ಮೂರು ತಿಂಗಳಿಂದ ಖರೇ ಹೇಳಬೇಕು ಖರೇ ಹೇಳಬೇಕು ಎಂದು ಹಟ ಹಿಡಿದವಳು ನಾನು.



‘ಕೊಟ್ಟ, ಹೋಗಿ ಬರತೇನಿ’ ಎಂದ.


9:25

ಮೆಸೇಜ್: ‘ಬಸ್ ಸಿಕ್ತು. ಸೀಟ್ ಸಿಕ್ಕಿಲ್ಲ.’


9:50

‘ಸೀಟ್ ಸಿಕ್ತು. ಉಂಡಿ ಡಬ್ಬಿ ತೊಡಿಮ್ಯಾಲೈತಿ.’

ಹೊಸ ಸೀರೆ ಉಟ್ಟೆ. ಬಿಚ್ಚಿದೆ. ನೂರಕ್ಕೆಂದು ತಂದದ್ದು, ನೂರಕ್ಕೇ ಉಡಬೇಕು. ಹಳೆಯ ನೀಲಿಯದನ್ನೇ ಉಟ್ಟೆ. ಅವನಿಗೆ ಅದೇ ಇಷ್ಟ.


10:40

‘ಊರು ಬಂತು. ನಾ ಇನ್ನೂ ಇಳದಿಲ್ಲ.’

ಒಬ್ಬಳೇ ಜೋರಾಗಿ ನಕ್ಕೆ. ಚಹಾಕ್ಕೆ ಇಟ್ಟಿದ್ದೇನೆ. ಹಾಲು ಇಂದು ಉಕ್ಕಿದರೆ ಉಕ್ಕಲಿ. ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ನಡೆದರೆ ಹತ್ತು ನಿಮಿಷ. ಕೂತರೆ ಕೂರಲಾಗದು, ಅದಕ್ಕೇ ಬರೆಯುತ್ತಿದ್ದೇನೆ. ಅವನು ಸೊರಗಿ ಹೋಗಿರಬಹುದು. ಮುಖ ಹೇಗಾಗಿದೆಯೋ. ಕೈ ನಡುಗುತ್ತಿದ್ದರೆ ನೋಡದವಳ ಹಾಗೆ ಇರಬೇಕು. ಉಂಡೆ ಮೊದಲು ಯಾರು ಯಾರಿಗೆ

ಕೆಳಗೆ ಗೇಟಿನ ಸದ್ದು. ‘ಮಂಜೂ’ ಎಂದ. ಅದೇ ದನಿ.

‘ಬಂದ್ನಿ!’ ಎಂದು ಕೂಗಿಬಿಟ್ಟೆ. ಪೆನ್ನು ಇನ್ನೂ ಕೈಯಲ್ಲೇ ಇದೆ, ಚಪ್ಪಲಿ ಒಂದು ಸಿಕ್ಕಿತು, ಇನ್ನೊಂದು